ಸೂಜಿ ಗಾಡಿಯಲ್ಲಿ ಒಂದು ಮಳೆಗಾಲ

ಎದುರಿನ ಖಾನಾವಳಿಯವರು ಬೆಳಿಗ್ಗೆ ಬಕೇಟಿಗೆ ಫಿನಾಯಿಲ್ ಸುರಿದು ನೆಲ ಒರೆಸಲು ಶುರು ಮಾಡಿದರೆಂದರೆ ನಾನು ಎದ್ದು ಓಣಿಯ ಆ ತುದಿಗೆ ಹೋಗಿಬಿಡುತ್ತೇನೆ. ಈಗ ವಯಸ್ಸಾಗಿದೆ. ಏಳುವಾಗ ಹಿಂದಿನ ಎಡಗಾಲು ಹಿಡಿಯುತ್ತದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಆದರೆ ಮೂಗಿಗೆ ಏನೂ ಆಗಿಲ್ಲ. ಆ ವಾಸನೆ ಬಂದರೆ ಕಾಲುನೋವು ಗೀಲುನೋವು ಯಾವುದೂ ನೆನಪಿರುವುದಿಲ್ಲ.

'ಏ ಭೂರ್ಯಾ, ಎಲ್ಲಿಗ್ಯೋ ಮುದುಕಾ? ಖಾನಾವಳಿ ಒರಸಾಕತ್ತಾರೇನು?' ಎಂದು ಆಟೋದವರು ಕೇಳಿ ನಗುತ್ತಾರೆ. ನಗಲಿ. ನಾಯಿಗೆ ಮನುಷ್ಯರ ಮಾತು ತಿಳಿಯುವುದಿಲ್ಲ ಎಂದು ಮಾಣಿಕನಗರದವರೂ ನಂಬಿದ್ದಾರೆ, ಹುಮನಾಬಾದಿನವರೂ ನಂಬಿದ್ದಾರೆ. ತಿಳಿಯುತ್ತದೆ, ಎಲ್ಲ ತಿಳಿಯುತ್ತದೆ. ತಿರುಗಿ ಹೇಳಲು ಬರುವುದಿಲ್ಲ, ಅಷ್ಟೇ. ಆ ಒಂದು ಮಳೆಗಾಲದಲ್ಲಿ, ಹೇಳಲು ಬಾರದ ಒಂದೇ ಒಂದು ಮಾತಿಗಾಗಿ ನನ್ನ ತಲೆ ಒಡೆದುಹೋಗುವುದಿತ್ತು.

ಯಾವ ಇಸವಿ ಎಂದು ನನ್ನನ್ನು ಕೇಳಬೇಡಿ. ಹುಮನಾಬಾದಿನಲ್ಲಿ ಎಸ್‌ಟಿಡಿ ಬೂತಿನ ಮುಂದೆ ಜನ ಪಾಳಿ ಹಚ್ಚಿ ನಿಲ್ಲುತ್ತಿದ್ದ ಕಾಲ. ಅಂಗಿ ಜೇಬಿನಲ್ಲಿ ಫೋನು ಇಟ್ಟುಕೊಂಡ ಒಬ್ಬ ಮನುಷ್ಯನನ್ನೂ ನಾನು ಆಗ ಕಂಡಿರಲಿಲ್ಲ. ವೀರಣ್ಣ ಸಾಹೇಬರು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ಆ ವರ್ಷವೇ ನಿವೃತ್ತರಾಗಿದ್ದರು. ಅವರ ಹೆಂಡತಿ ಸುಗಲಾಬಾಯಿ. ಈ ಸುಗಲಾಬಾಯಿಯ ತಂಗಿಗೆ ಒಬ್ಬಳೇ ಮಗಳು, ಕಮಲಾ ಎಂದು ಹೆಸರು. ಒಂಬತ್ತು ವರ್ಷದ ಆ ಹುಡುಗಿ ಹುಚ್ಚುನಾಯಿ ಕಚ್ಚಿ ಸತ್ತುಹೋದಳು. ಸಣ್ಣ ಗಾಯ, ಅರಿಶಿನ ಹಚ್ಚಿ ಬಿಟ್ಟಿದ್ದರಂತೆ. ಅದಾದ ಮೇಲೆ ಸುಗಲಾಬಾಯಿ ಗಂಡನಿಗೆ ಹೇಳಿದ್ದು ಒಂದೇ ಮಾತು: 'ಜಿಂದಗಾನಿ ಪೂರಾ ಎಮ್ಮಿ ಆಕಳಿಗೆ ಸೂಜಿ ಹಾಕಿದಿರಿ. ಇನ್ನ ನಾಯಿಗೋಳಿಗೆ ಹಾಕ್ರಿ. ನಾನೂ ಬರ್ತೀನಿ.'

ಹುಮನಾಬಾದಿನ ನಾಲ್ಕು ಮಂದಿ ವ್ಯಾಪಾರಿಗಳು ಕೂಡಿ ಒಂದು ಹಳೇ ಶಾಲೆಯ ಬಸ್ಸು ಕೊಟ್ಟರು. ಸೀಟು ಕಿತ್ತು ಹಲಗೆಯ ಎರಡು ಮಂಚ ಹಾಕಿದರು. ಒಂದು ಸ್ಟೋವು, ನೀರಿನ ಡ್ರಮ್ಮು, ಔಷಧ ತಂಪಾಗಿರಲು ಬರ್ಫಿನ ಪೆಟ್ಟಿಗೆ. ಬಸ್ಸಿನ ಮೈಮೇಲೆ ಕೆಂಪು ಅಕ್ಷರದಲ್ಲಿ 'ನಾಯಿಗಳಿಗೆ ಧರ್ಮಾರ್ಥ ಸೂಜಿ' ಎಂದು ಬರೆಸಿದರು. ಊರ ಮಕ್ಕಳ ಬಾಯಲ್ಲಿ ಅದು ಸೂಜಿ ಗಾಡಿ ಆಯಿತು. ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಹೊರಟು, ಹುಮನಾಬಾದಿನ ಸುತ್ತಿನ ಹಳ್ಳಿ ಮುಗಿಸಿ, ಬಸವಕಲ್ಯಾಣದ ಕಡೆ ದಾಟಿ, ಅಲ್ಲಿಂದ ಮುಂದೆ ಭಾಲ್ಕಿ, ಔರಾದದವರೆಗೆ ಹೋಗುವುದೆಂದು ಮಾತಾಗಿತ್ತು. ಅಲ್ಲಿಯವರೆಗೂ ಮನೆ ಎಂದರೆ ಅದೇ ಬಸ್ಸು.

ನಾನು ಆ ಬಸ್ಸಿಗೆ ಸೇರಿದ್ದು ಡ್ರೈವರ್ ದತ್ತುವಿನಿಂದ. ಮಾಣಿಕನಗರದ ತಿರುವಿನಲ್ಲಿ ಒಂದು ಲಾರಿಯ ಕೆಳಗೆ ಒದ್ದೆಯಾಗಿ ಮಲಗಿದ್ದ ನನ್ನನ್ನು, ಕಣ್ಣು ಪೂರಾ ಬಿಡುವ ಮೊದಲೇ ಎತ್ತಿ ಅಂಗಿಯೊಳಗೆ ಹಾಕಿಕೊಂಡ ಪುಣ್ಯಾತ್ಮ. ಬೀಡಿ, ಡೀಸೆಲ್ಲು, ಗಟ್ಟಿ ಬೆವರು, ಇದು ದತ್ತುವಿನ ವಾಸನೆ. ಲೋಕದಲ್ಲಿ ಅದಕ್ಕಿಂತ ಒಳ್ಳೆಯ ವಾಸನೆ ಇದೆಯೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಅವನು ಡ್ರೈವರ್ ಕೆಲಸಕ್ಕೆ ಒಪ್ಪುವಾಗ ಹಾಕಿದ ಕರಾರು ಒಂದೇ: 'ಭೂರ್ಯಾ ಬರ್ತಾನ, ಇಲ್ಲಂದ್ರ ನಾನೂ ಒಲ್ಲೆ.'

ಸುಗಲಾಬಾಯಿ ಒಪ್ಪಿದರು. ಆದರೆ ನನ್ನನ್ನು ಒಂದು ದಿನವೂ ಮುಟ್ಟಲಿಲ್ಲ. ಮುಟ್ಟುವುದಿರಲಿ, ನಾನು ಹತ್ತಿರ ಬಂದರೆ ಸೆರಗು ಬಿಗಿಹಿಡಿದು ಮಂಚದ ಮೇಲೆ ಕಾಲೆತ್ತಿಕೊಳ್ಳುತ್ತಿದ್ದರು. ಅವರ ಮೈಯಿಂದ ಹೆದರಿಕೆಯ ಹುಳಿ ವಾಸನೆ ಬರುತ್ತಿತ್ತು. ರೊಟ್ಟಿ ಮಾತ್ರ ದಿನಾ ಹಾಕುತ್ತಿದ್ದರು, ದೂರದಿಂದ ಎಸೆದು. ಗುರಿ ಒಂದು ದಿನವೂ ತಪ್ಪಲಿಲ್ಲ. ಎಷ್ಟೋ ಸಲ ನನಗೆ ಸಿಟ್ಟು ಬರುತ್ತಿತ್ತು. ನಾನು ಕಚ್ಚಿದ್ದೆನೇ ಆ ಹುಡುಗಿಯನ್ನು? ನಮ್ಮ ಕುಲದ ಯಾವನೋ ಒಬ್ಬ ರೋಗ ಹತ್ತಿ ಮಾಡಿದ್ದಕ್ಕೆ ನಾನೇಕೆ ದೂರ ಕೂರಬೇಕು?

ನನಗೂ ಒಂದು ನೌಕರಿ ಇತ್ತು. 'ನಾಯಿಗೆ ಕೆಲಸ ಇಲ್ಲ, ನಿಂದ್ರಾಕ ಹೊತ್ತಿಲ್ಲ' ಎಂದು ಆಡಿಕೊಳ್ಳುವವರು ಅದನ್ನು ನೋಡಬೇಕಿತ್ತು. ಹಳ್ಳಿಯ ಜನ ತಮ್ಮ ನಾಯಿಗೆ ಸೂಜಿ ಎಂದರೆ ಅಂಜುತ್ತಿದ್ದರು. ಸೂಜಿ ಹಾಕಿದರೆ ನಾಯಿ ಮೆತ್ತಗಾಗುತ್ತದೆ, ಕುರಿ ಕಾಯುವುದಿಲ್ಲ, ಬೊಗಳುವುದು ಮರೆಯುತ್ತದೆ ಎಂದೆಲ್ಲ ಅನುಮಾನ. ಆಗ ಸಾಹೇಬರು ನನ್ನನ್ನು ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲಿಸಿ, 'ನೋಡ್ರಿಪ್ಪಾ, ಮೊದಲ ನಮ್ಮ ನಾಯಿಗೇ ಹಾಕ್ತೀನಿ' ಎಂದು ಎಲ್ಲರ ಮುಂದೆ ನನ್ನ ಹೆಗಲಿಗೆ ಚುಚ್ಚುತ್ತಿದ್ದರು. ನಾನು ಕುಂಯ್ ಎನ್ನಬಾರದು. ಎಂದರೆ ಆ ಊರ ಕೆಲಸ ಕೆಟ್ಟಿತು. ನಾನು ಎದೆಯುಬ್ಬಿಸಿ ನಿಲ್ಲುತ್ತಿದ್ದೆ, ಆಮೇಲೆ ಎರಡು ಸಲ ಗಟ್ಟಿಯಾಗಿ ಬೊಗಳಿ ತೋರಿಸುತ್ತಿದ್ದೆ. ಜನ ಚಪ್ಪಾಳೆ ಹೊಡೆದು ತಮ್ಮ ನಾಯಿಗಳನ್ನು ಹಗ್ಗ ಹಾಕಿ ಎಳೆದು ತರುತ್ತಿದ್ದರು. ಆ ಸೂಜಿಯಲ್ಲಿ ಔಷಧ ಇರುತ್ತಿರಲಿಲ್ಲ. ಊರಿಗೊಂದು ಔಷಧ ನನಗೇ ಸುರಿದರೆ ಹ್ಯಾಗೆ? ಬರೀ ನೀರು. ನನಗಾದರೂ ಏನು, ನೀರೋ ಔಷಧವೋ, ಚುಚ್ಚಿದ ನೋವು ಒಂದೇ.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಡಾಂಬರು ರಸ್ತೆ ಬಿಟ್ಟು ಇಳಿದರೆ ಸಾಕು, ಎರಿಮಣ್ಣು ಗಾಲಿಗೆ ಅಂಟಿ ಬಸ್ಸು ಎರಡು ಪಟ್ಟು ಭಾರವಾಗುತ್ತಿತ್ತು. ದತ್ತು ಇಳಿದು ಕಟ್ಟಿಗೆಯಿಂದ ಮಣ್ಣು ಕೆರೆಯುತ್ತ ಬೈಯುತ್ತಿದ್ದ. ಹೆಸರು, ಉದ್ದು ಮೊಳಕಾಲೆತ್ತರ ಬಂದಿದ್ದವು. ಮೋರಖಂಡಿಯಲ್ಲಿ ಎರಡು ದಿನ ನಿಂತು, ಕೆಲಸ ಮುಗಿಸಿ ಹೊರಟ ಮಧ್ಯಾಹ್ನ ಊರ ಹೊರಗಿನ ಬಂಡಿದಾರಿಯಲ್ಲಿ ಬಸ್ಸು ಹೂತುಕೊಂಡಿತು. ದತ್ತು ಗಾಲಿಯ ಕೆಳಗೆ ಕಲ್ಲು ಕೊಡುತ್ತಿದ್ದ. ನಾನು ಬದುವಿನ ಮೇಲೆ ನಿಂತು ಮೇಲುಸ್ತುವಾರಿ ಮಾಡುತ್ತಿದ್ದೆ.

ಹೆಸರಿನ ಹೊಲದಿಂದ ಒಂದು ನಾಯಿ ಬಂತು. ಬಿಳಿ ಮೈ, ಸಣಕಲು. ಹೊಸ ನಾಯಿ ಎದುರಾದರೆ ನಮ್ಮಲ್ಲಿ ಒಂದು ರಿವಾಜು ಇದೆ. ದೂರದಲ್ಲಿ ನಿಲ್ಲಬೇಕು, ಗಾಳಿ ಹಿಡಿಯಬೇಕು, ಯಾವ ಊರು ಯಾರ ಪೈಕಿ ಎಂದು ಮೂಗಿನಲ್ಲೇ ವಿಚಾರಿಸಬೇಕು. ಆಮೇಲೆ ಬೇಕಾದರೆ ಜಗಳ. ಇವನು ನಿಲ್ಲಲಿಲ್ಲ. ನನ್ನನ್ನು ನೋಡಿದ ಹಾಗೂ ಇರಲಿಲ್ಲ. ನೆಟ್ಟಗೆ ಬಂದು ನನ್ನ ಹೆಗಲು ಕಚ್ಚಿ, ಬಿಟ್ಟು, ಅದೇ ನಡಿಗೆಯಲ್ಲಿ ಮುಂದೆ ಹೋದ. ನಾನು ತಿರುಗಿ ಬೀಳಲೂ ಇಲ್ಲ, ಅಷ್ಟು ದಿಗಿಲಾಗಿತ್ತು. ಅಂಥ ವಾಸನೆ ನಾನು ಎಂದೂ ಮೂಸಿರಲಿಲ್ಲ.

ಹೊಲದಲ್ಲಿದ್ದವರು 'ಹುಚ್ಚ ನಾಯಿ, ಹುಚ್ಚ ನಾಯಿ' ಎಂದು ಕೂಗಿ ಬಡಿಗೆ ಹಿಡಿದು ಓಡಿದರು. ಹಳ್ಳದ ದಂಡೆಯಲ್ಲಿ ಅದನ್ನು ಹೊಡೆದು ಕೆಡವಿದರು. ಸಾಹೇಬರು ಹೋಗಿ ನೋಡಿ ಬಂದಾಗ ಮುಖ ಬಿಳುಪೇರಿತ್ತು. ಕೈಗೆ ರಬ್ಬರಿನ ಗವುಸು ಹಾಕಿಕೊಂಡು, ಬಟ್ಟೆ ಸಾಬೂನು ತೊಗೊಂಡು ನನ್ನ ಗಾಯ ತೊಳೆಯಲು ಕುಳಿತರು. ಒಂದು ಕೊಡ ನೀರು ಮುಗಿಯಿತು, ಎರಡನೆಯ ಕೊಡ ಮುಗಿಯಿತು, ತೊಳೆಯುತ್ತಲೇ ಇದ್ದರು.

'ದತ್ತು,' ಎಂದರು ಕೊನೆಗೆ. 'ಹುಮನಾಬಾದ ಬಿಡೂ ದಿನ ಇವಂಗ ಖರೇ ಸೂಜಿ ಹಾಕಿದ್ದಿ ಹೌದಲ್ಲೋ?'

ದತ್ತು ಕಣ್ಣು ಕಣ್ಣು ಬಿಟ್ಟ. 'ನಾ ಎಲ್ಲಿ ಹಾಕ್ಲಿರಿ ಸಾಹೇಬ್ರ? ನಾ ಇವನ ಹಿಡೀತೀನಿ, ಹಾಕಾವ್ರು ನೀವು.'

'ನಾನು ಗಾಡಿ ಪೂಜಾದ ಗಡಬಡಿಯೊಳಗ ಇದ್ದೆ. ನೀನೇ ಬಾಟ್ಲಿ ತುಂಬಿ ಹಾಕಿದಿ ಅಂತ ನಾ ತಿಳ್ಕೊಂಡೀನಿ.'

'ನೀವು ಹಾಕೀರಿ ಅಂತ ನಾ ತಿಳ್ಕೊಂಡೀನ್ರಿ!'

ಇಬ್ಬರೂ ಬಸ್ಸು ಹತ್ತಿ ದಫ್ತರ ತೆಗೆದರು. ಅದರಲ್ಲಿ ಊರ ಹೆಸರು, ಮಾಲೀಕರ ಹೆಸರು, ನಾಯಿಯ ಬಣ್ಣ, ಎಲ್ಲ ಬರೆದಿತ್ತು. ಕರಿ ನಾಯಿ, ಚುಕ್ಕಿ ನಾಯಿ, ಬಾಲ ಮೋಟು ನಾಯಿ. ನೂರಾರು ನಾಯಿಗಳ ನಡುವೆ ನಾನಿರಲಿಲ್ಲ. ನನಗೆ ಊರಿರಲಿಲ್ಲ, ಊರಿಲ್ಲದವನನ್ನು ಯಾವ ಹಾಳೆಯಲ್ಲಿ ಬರೆಯುವುದು? ಊರೂರಿಗೆ ಎಲ್ಲರಿಗಿಂತ ಮೊದಲು ಸೂಜಿ ಚುಚ್ಚಿಸಿಕೊಂಡ ನಾನು, ನಿಜವಾದ ಔಷಧ ಒಂದು ಹನಿಯೂ ಕಂಡಿರಲಿಲ್ಲ. ಸುಗಲಾಬಾಯಿ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. 'ಜಗತ್ತಿಗೇ ಸೂಜಿ ಹಾಕಾಕ ಹೊಂಟೀರಿ, ಮನಿ ಮುಂದಿಂದ ಮರತೀರಿ' ಎಂದರು. ಗಂಡ ದಫ್ತರ ಮುಚ್ಚಿ ಬರ್ಫಿನ ಪೆಟ್ಟಿಗೆ ತೆರೆದರು.

ಆ ದಿನವೇ ನಿಜವಾದ ಸೂಜಿ ಬಿತ್ತು. ಮತ್ತೆ ಮೂರನೆಯ ದಿನ, ಏಳನೆಯ ದಿನ, ಹೀಗೆ ಕ್ಯಾಲೆಂಡರಿನ ಮೇಲೆ ಗೀಟು ಹಾಕಿಟ್ಟರು. 'ಕಚ್ಚಿದ ಮ್ಯಾಲೆ ಹಾಕಿದ್ದು ಹತ್ತಿದ್ರ ಹತ್ತೀತು, ಇಲ್ಲಂದ್ರ ಇಲ್ಲ. ತಿಂಗಳಾಗಬಹುದು, ಎರಡಾಗಬಹುದು, ಅಲ್ಲೀತನಕ ಏನೂ ಹೇಳಾಕ ಬರಂಗಿಲ್ಲ. ಯಾರೂ ಮುಟ್ಟಬ್ಯಾಡ್ರಿ. ದತ್ತು, ನಿನಗ ಹೇಳಾಕತ್ತೀನಿ.' ಬಸ್ಸಿನ ಹಿಂಬದಿಯ ಕಬ್ಬಿಣದ ಕೊಂಡಿಗೆ ಸರಪಳಿ ಹಾಕಿ ನನ್ನನ್ನು ಕಟ್ಟಿದರು. ತಿರುಗಿ ಹೋಗೋಣವೇ ಎಂದು ದತ್ತು ಕೇಳಿದ. ಸುಗಲಾಬಾಯಿಯೇ ಬೇಡವೆಂದರು. ಹುಚ್ಚುನಾಯಿ ಇದ್ದ ಸೀಮೆಯನ್ನೇ ಬಿಟ್ಟು ಓಡಿಹೋದರೆ ಬಂದದ್ದಾದರೂ ಯಾತಕ್ಕೆ?

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ನಾನು ಆಕಳಿಸಿದರೆ ಮೂರು ತಲೆ ತಿರುಗುತ್ತಿದ್ದವು. ಸೀನಿದರೆ ಸ್ಟೋವಿನ ಮುಂದಿನ ಮಾತು ನಿಲ್ಲುತ್ತಿತ್ತು. ನೊಣ ಹಿಡಿಯಲು ಬಾಯಿ ಹಾಕಿದರೆ ಸಾಹೇಬರು ಕನ್ನಡಕ ಏರಿಸಿಕೊಂಡು ಬಂದು ನಿಲ್ಲುತ್ತಿದ್ದರು. ಹಿಂದೆ ಮಡಿಲಲ್ಲಿ ಕೂಡಿಸಿಕೊಂಡು ಗಾಡಿ ಹೊಡೆಯುತ್ತಿದ್ದ ದತ್ತು ಈಗ ಎರಡು ಮಾರು ದೂರ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತ, 'ಏನಾಗಂಗಿಲ್ಲೋ ಭೂರ್ಯಾ, ಏನಾಗಂಗಿಲ್ಲ' ಎನ್ನುತ್ತಿದ್ದ. ನನಗೂ ಹೆದರಿಕೆ ಹತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ನನ್ನದೇ ಮೈ ಮೂಸಿ ನೋಡಿಕೊಳ್ಳುತ್ತಿದ್ದೆ, ಆ ಬಿಳಿ ನಾಯಿಯ ವಾಸನೆ ಬಂದಿದೆಯೋ ಎಂದು. ಇನ್ನೂ ಇಲ್ಲ. ಇನ್ನೂ ಇಲ್ಲ.

ಕ್ಯಾಲೆಂಡರಿನ ಒಂದು ಹಾಳೆ ಹರಿದರು. ಬಸವಕಲ್ಯಾಣಕ್ಕೆ ಹೋಗಿ ಬರ್ಫು ತುಂಬಿಸಿಕೊಂಡೆವು. ಅಲ್ಲಿಂದ ಹೊರಡುವಾಗ ನನ್ನ ನೀರಿನ ಪ್ಲಾಸ್ಟಿಕ್ ಟಬ್ಬು ಹಿಂದಿನ ಗಾಲಿಯ ಕೆಳಗೆ ಸಿಕ್ಕು ಪುಡಿಯಾಯಿತು. ಸುಗಲಾಬಾಯಿ ಅಡಿಗೆ ಸಾಮಾನಿನಿಂದ ಒಂದು ಹಳೆಯ ಅಲ್ಯುಮಿನಿಯಮ್ಮಿನ ಜರ್ಮನ್ ಬೋಗುಣಿ ತೆಗೆದುಕೊಟ್ಟರು. ಕೊಟ್ಟದ್ದು ಹೌದು, ಆದರೆ ಅವರ ಹೆದರಿಕೆ ಎಲ್ಲಿ ಹೋಗಬೇಕು? ನನ್ನ ಬಾಯಿಯ ಜೊಲ್ಲು ಬಿದ್ದ ಬೋಗುಣಿ. ದಿನಾ ಬೆಳಿಗ್ಗೆ ಅದಕ್ಕೆ ಫಿನಾಯಿಲ್ ಸುರಿದು, ಅರ್ಧ ತಾಸು ಇಟ್ಟು, ಕೋಲಿನಿಂದ ಹೊರಳಿಸಿ, ಒಂದು ಚರಗಿ ನೀರಿನಲ್ಲಿ ಜಾಲಿಸುತ್ತಿದ್ದರು. ಆಮೇಲೆ ದತ್ತು ಊರಿಂದ ಬಂದು ಅದರಲ್ಲಿ ನೀರು ಹಾಕಿ, ಕೋಲಿನಿಂದ ನನ್ನ ಕಡೆ ನೂಕುತ್ತಿದ್ದ. ಹೀಗೆ ತೊಳೆಯುವುದು ಗಂಡಸರಿಬ್ಬರಿಗೂ ಗೊತ್ತಿರಲಿಲ್ಲ. ಅವರಿಬ್ಬರೂ ಆ ಹೊತ್ತಿಗೆ ಊರೊಳಗೆ ಡಂಗುರ ಸಾರಲು ಹೋಗಿರುತ್ತಿದ್ದರು.

ಮನುಷ್ಯರ ಮೂಗಿಗೆ ಒಮ್ಮೆ ಜಾಲಿಸಿದರೆ ವಾಸನೆ ಹೋಯಿತು. ನನ್ನ ಮೂಗಿಗೆ? ಮೂತಿ ಹತ್ತಿರ ತಂದರೆ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಮೊದಲ ದಿನ ಬಸ್ಸಿನ ಮೇಲಿನಿಂದ ಸುರಿಯುವ ಮಳೆನೀರು ನೆಕ್ಕಿ ಕಾಲ ಕಳೆದೆ. ಎರಡನೆಯ ದಿನಕ್ಕೆ ಮಳೆ ನಿಂತು ಹೊರಪಾಗಿ ಸುಡುಸುಡು ಬಿಸಿಲು ಬಿತ್ತು. ನಾವು ಗೋರ್ಟಾಕ್ಕೆ ಬಂದು ಊರ ಹೊರಗಿನ ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಎರಿಹೊಲ ಒಡೆದು ಬಿರುಕು ಬಿಡತೊಡಗಿತು. ಹತ್ತಿರದ ಕುಂಟೆಯಲ್ಲಿ ನೀರಿದ್ದದ್ದು ನನಗೆ ವಾಸನೆಗೆ ಗೊತ್ತಾಗುತ್ತಿತ್ತು, ಸರಪಳಿ ಅಲ್ಲಿಯತನಕ ಎಟುಕುತ್ತಿರಲಿಲ್ಲ. ನೀರು ಕೊಡಿರೆಂದು ಬೊಗಳಿದೆ, ಊಳಿಟ್ಟೆ, ರಾತ್ರಿಯಾಗುವಷ್ಟರಲ್ಲಿ ದನಿ ಕೆಟ್ಟು ಗೊಗ್ಗರಾಯಿತು. ರೊಟ್ಟಿಯೂ ಅದೇ ಬೋಗುಣಿಯಲ್ಲಿ ಬಂತು. ಬಿಟ್ಟೆ.

ಮೂರನೆಯ ದಿನ ಮಧ್ಯಾಹ್ನ ಸಾಹೇಬರು ಊರ ಜನರನ್ನು ಕೂಡಿಸಿಕೊಂಡು ದಿನದಂತೆ ಹೇಳುತ್ತಿದ್ದರು. 'ಕಚ್ಚಿಸಿಕೊಂಡ ನಾಯಿ ಇದ್ರ ಮೂರು ಲಕ್ಷಣ ನೋಡ್ರಿ. ಒಂದು, ದನಿ ಒಡೀತದ. ಎರಡು, ಜೊಲ್ಲು ಸೋರ್ತದ. ಮೂರನೇದು, ನೀರ ಕುಡಿಯಂಗಿಲ್ಲ. ಈ ಮೂರು ಕಂಡ್ವು ಅಂದ್ರ...'

ಮುಂದೆ ಕುಳಿತಿದ್ದ ಕುರಿಗಾಹಿ ಮುದುಕನೊಬ್ಬ ನನ್ನ ಕಡೆಗೆ ಕೈ ತೋರಿಸಿದ. 'ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ನಾಯಿಗೆ ಮೂರೂ ಅವ ನೋಡ್ರಿ.'

ಎಲ್ಲರೂ ತಿರುಗಿದರು. ಬಿಸಿಲಿಗೆ, ಬಾಯಾರಿಕೆಗೆ ನಾಲಿಗೆ ಹೊರಬಿದ್ದಿತ್ತು. ಫಿನಾಯಿಲ್ ಮೂಸಿ ಮೂಸಿ ಬಾಯಿಂದ ಎಳೆ ಎಳೆಯಾಗಿ ಜೊಲ್ಲು ಇಳಿಯುತ್ತಿತ್ತು. ಮುಂದೆ ಬೋಗುಣಿ ತುಂಬ ನೀರು, ನಾನು ಸರಪಳಿ ಜಗ್ಗಿ ಅದರಿಂದ ದೂರ ನಿಂತಿದ್ದೆ. ಅಲ್ಲರೀ, ಹಾಗಲ್ಲ, ಎಂದು ಬೊಗಳಿದೆ. ಗೊಗ್ಗರು ದನಿ. ಹೆಂಗಸರು ಮಕ್ಕಳನ್ನು ಸೆರಗಿಗೆ ಎಳೆದುಕೊಂಡರು. ಆ ಹೊತ್ತಿಗೆ ನಾನು ಬೊಗಳಬಾರದಿತ್ತು.

ಸಾಹೇಬರು ಕೋಲಿನಿಂದ ಬೋಗುಣಿಯನ್ನು ಇನ್ನಷ್ಟು ಹತ್ತಿರ ನೂಕಿದರು. ನಾನು ಹಿಂದೆ ಸರಿದೆ. ಮತ್ತೆ ನೂಕಿದರು. ಸರಿಯಲು ಜಾಗ ಉಳಿದಿರಲಿಲ್ಲ, ಬೆನ್ನಿಗೆ ಗಾಲಿ ತಾಗಿತ್ತು. ಹಲ್ಲು ತೋರಿಸಿ ಗುರ್ ಎಂದೆ. ಸಾಹೇಬರು ಕೋಲು ಕೆಳಗಿಟ್ಟು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು.

'ಆತು' ಎಂದರು. 'ಮೂರು ದಿನ ಆತು. ಇನ್ನ ಕಾಯೂದರಾಗ ಅರ್ಥ ಇಲ್ಲ. ಸಂಜಿಕ ಮಕ್ಕಳು ಆಡಾಕ ಬರ್ತಾವ, ಸರಪಳಿ ಹರಕೊಂಡ್ರ ನಾವು ಯಾರಿಗೆ ಜವಾಬು ಹೇಳೂದು? ದತ್ತು, ಜಾಕಿನ ರಾಡ್ ತಗೊಂಡ ಬಾ.'

'ಸಾಹೇಬ್ರ, ನಿಮ್ಮ ಪೆಟ್ಟಿಗಿಯೊಳಗ ಏನರೆ ಔಷಧ...'

'ಅಂಥಾದ್ದ ನನ್ನ ಹಂತೇಕ ಇಲ್ಲ. ಇದ್ದಿದ್ರ ನಿನಗ ಹೇಳ್ತಿದ್ದೆನೇನು? ಒಂದ ಏಟಿನ್ಯಾಗ ಮುಗಸು. ಒದ್ಯಾಡಸಬ್ಯಾಡ.'

ದತ್ತು ಹೋದ. ಬಸ್ಸಿನ ಅಡಿಯಿಂದ ರಾಡ್ ತೆಗೆಯುವ ಕಣ ಕಣ ಸದ್ದು ಕೇಳಿತು. ತಿರುಗಿ ಬಂದವನ ಮುಖ ನೋಡಿದೆ. ಅವನು ಮೂಗು ಏರಿಸುತ್ತ ಅಳುತ್ತಿದ್ದ. ಬೀಡಿ, ಡೀಸೆಲ್ಲು, ಬೆವರು. ನಾನು ಎಂಥ ಮೂರ್ಖನೆಂದರೆ, ಆ ವಾಸನೆ ಹತ್ತಿರ ಬಂತಲ್ಲ ಎಂದು ಬಾಲ ಅಲ್ಲಾಡಿಸಿದೆ. ಅದನ್ನು ನೋಡಿ ಅವನು ರಾಡ್ ಊರಿಕೊಂಡು ಅಲ್ಲೇ ಕುಸಿದು ಕುಳಿತ. 'ನನ ಕಡೆ ಆಗಂಗಿಲ್ರಿ. ಬೇಕಾದ್ರ ನನ್ನ ಕೆಲಸದಿಂದ ತಗೀರಿ.'

ಸುಗಲಾಬಾಯಿ ಅಷ್ಟು ಹೊತ್ತೂ ಬಸ್ಸಿನ ಮೆಟ್ಟಿಲ ಮೇಲೆ ಕೂತು ಜೋಳದ ಹಿಟ್ಟು ನಾದುತ್ತಿದ್ದರು. ಎದ್ದು ಬಂದರು. ಯಾಕೆ ಬಂದರೋ, ಪ್ರಾಣಿ ಹೋಗುವ ಮುಂಚೆ ಬೋಗುಣಿಯನ್ನಾದರೂ ತೆಗೆದಿಡೋಣವೆಂದೋ ಏನೋ, ಕೋಲಿನಿಂದ ಅದನ್ನು ತಮ್ಮ ಕಡೆ ಎಳೆದುಕೊಂಡು ಬಗ್ಗಿದರು. ಮಧ್ಯಾಹ್ನವೆಲ್ಲ ಬಿಸಿಲಿಗೆ ಕಾದ ಬೋಗುಣಿ, ಕಾದ ನೀರು. ಬಗ್ಗಿದವರು ಬಗ್ಗಿದಂತೆಯೇ ನಿಂತರು. ಮೂಗು ಮುರಿದರು. ಇನ್ನೊಮ್ಮೆ ಮೂಸಿದರು.

'ಏನ್ರಿ, ನಾಯಿಗೆ ವಾಸನಿ ಭಾಳ ಹತ್ತತದ ಅಂತಿದ್ದಿರಲ್ಲ. ಎಷ್ಟ ಹತ್ತತದ್ರಿ?'

'ಈಗ್ಯಾಕ ಅದು?'

'ಹೇಳ್ರಿ ಅಂದ್ರ.'

'ನಮಗಿಂತ ಎಷ್ಟೋ ಪಟ್ಟು. ಯಾಕ?'

'ನಾ ಇದನ್ನ ದಿನಾ ಫಿನಾಯಿಲ್ ಹಾಕಿ ತೊಳೀತಿದ್ದೆ.' 'ರೋಗದ್ದು ಹುಳ ಸಾಯ್ಲಿ ಅಂತ. ಕಲ್ಯಾಣ ಬಿಟ್ಟಾಗಿಂದ. ನಾಯಿ ನೀರ ಬಿಟ್ಟಿದ್ದೂ ಆವತ್ತಿಂದಲೇ.'

ಸಾಹೇಬರು ಹೆಂಡತಿಯನ್ನು ನೋಡಿದರು, ಬೋಗುಣಿಯನ್ನು ನೋಡಿದರು. 'ಅಯ್ಯೋ ನಿನ್ನ! ಮೊದಲ ಹೇಳಬಾರದೇನ?' ಎಂದವರೇ ಓಡಿ ಒಂದು ಸ್ಟೀಲಿನ ತಾಟು ತಂದು ಹೊಸ ನೀರು ಹಾಕಿದರು. ಹತ್ತಿರ ಬರುವಂತಿಲ್ಲವಲ್ಲ, ಕೋಲು ಕೈಗೆ ಸಿಗಲಿಲ್ಲ, ದತ್ತುವಿನ ಕೈಯಿಂದ ರಾಡ್ ಕಸಿದುಕೊಂಡು ಅದರಿಂದಲೇ ತಾಟನ್ನು ನೂಕಿದರು. ನಾನು ನೋಡಿದ್ದು ನೀರನ್ನಲ್ಲ. ನನ್ನ ತಲೆಯ ಮಟ್ಟಕ್ಕೆ ಬರುತ್ತಿದ್ದ ಆ ಕಬ್ಬಿಣವನ್ನು. ಚೀರಿ ಗಾಲಿಯ ಸಂದಿಗೆ ನುಗ್ಗಿದೆ. ತಾಟು ಮಗುಚಿತು, ಬಿರುಕುಬಿಟ್ಟ ಎರಿಮಣ್ಣು ಗಟಗಟ ಕುಡಿದುಬಿಟ್ಟಿತು.

'ಬ್ಯಾರೆ ತಾಟಿನ್ಯಾಗ ಕೊಟ್ರೂ ಒಲ್ಲೆ ಅಂತದಲ್ರಿ' ಎಂದ ಕುರಿಗಾಹಿ ಮುದುಕ, ಪಾಪ, ನೊಂದುಕೊಂಡೇ. 'ಮುಗೀತದು. ಸುಮ್ಮ ಯಾಕ ತ್ರಾಸ ಕೊಡ್ತೀರಿ.'

ಸಾಹೇಬರು ರಾಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದತ್ತು ಮುಖ ತಿರುಗಿಸಿದ.

'ಸರೀರಿ ಆ ಕಡೆ' ಎಂದರು ಸುಗಲಾಬಾಯಿ. ಬಾಗಿಲ ಬಳಿಯ ಚರಗಿ ಎತ್ತಿಕೊಂಡು ನನ್ನತ್ತ ನಡೆದರು. ಗೀಟು ಎಳೆದ ಹಾಗೆ ಸರಪಳಿಯ ಅಳತೆ ನೆಲದ ಮೇಲೆ ಮೂಡಿತ್ತು. ಅದನ್ನು ದಾಟಿ ಒಳಗೆ ಬಂದು, ಗಾಲಿಯ ಮುಂದೆ ಕುಳಿತುಬಿಟ್ಟರು.

'ಸುಗಲಾ, ಹುಚ್ಚಿ, ಏಳು! ಕೈ ತುಂಬ ಒಡಕ ಅವ ನಿಂದು. ಒಂದ ಹನಿ ಜೊಲ್ಲು ಹತ್ತಿದ್ರ ಸಾಕು. ಕಮಲಾನ ಕಂಡೂ ನಿನಗ ಬುದ್ಧಿ ಬರ್ಲಿಲ್ಲೇನ?'

'ಅಕೀನ ಕಂಡೇ ಕುಂತೀನಿ' ಎಂದರು ಅವರು, ಗಂಡನ ಕಡೆ ತಿರುಗದೆ. 'ನೀವ ಆವತ್ತ ಡ್ಯೂಟಿ ಮ್ಯಾಲಿದ್ದಿರಿ. ಎರಡ ದಿನ ಚರಗಿ ಹಿಡಕೊಂಡ ಆ ಕೂಸಿನ ಮುಂದ ಕುಂತಾಕಿ ನಾನು. ದೊಡ್ಡವ್ವಾ ನೀರ, ದೊಡ್ಡವ್ವಾ ನೀರ ಅಂತಿತ್ತು. ಬಾಯಿಗೆ ತಂದ್ರ ಚೀರಿ ನೂಕತಿತ್ತು. ಒಂದ ಗುಟುಕ ಒಳಗ ಹೋಗ್ಲಿಲ್ಲ. ಇದಕ ಖರೇನೇ ಹತ್ತಿದ್ರ ಹೊಡೀರಿ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ತಪ್ಪಿಗೆ ಹೊಡದ್ರ ನಾ ಹ್ಯಾಂಗ ಬದುಕಲಿ?'

ಎಡಗೈಯನ್ನು ಬೊಗಸೆಯಂತೆ ಮಡಿಚಿ ಅದರಲ್ಲಿ ನೀರು ಸುರಿದುಕೊಂಡು ನನ್ನ ಮೂತಿಯ ಮುಂದೆ ಹಿಡಿದರು. ಅರ್ಧ ನೀರು ಬೆರಳ ಸಂದಿಯಿಂದ ಚೆಲ್ಲಿಹೋಯಿತು. ಹೆದರಿಕೆಯ ಆ ಹುಳಿ ವಾಸನೆ ಹಿಂದೆಂದೂ ಅಷ್ಟು ಜೋರಾಗಿ ಬಂದಿರಲಿಲ್ಲ. ಆದರೂ ಕೈ ಹಿಂದೆ ತೆಗೆಯಲಿಲ್ಲ. ಜೋಳದ ಹಿಟ್ಟಿನ ವಾಸನೆ, ಅದರ ಕೆಳಗೆ ನೀರಿನ ವಾಸನೆ. ಬರೀ ನೀರು.

ಎರಡು ದಿನ ನೀರಿಲ್ಲದ ಬಾಯಿ ಏನು ಕೇಳುತ್ತದೆ ಹೇಳಿ. ಮೂತಿ ಅದ್ದಿ, ಹಲ್ಲು ಹಾಕಿ, ಕೈಸಮೇತ ಗಬಕ್ಕನೆ ಕುಡಿ ಎನ್ನುತ್ತದೆ. ಆದರೆ ಹಲ್ಲು ತಾಗಿದರೆ? ಆ ಬೆರಳುಗಳ ಒಡಕು ನನಗೆ ಕಾಣುತ್ತಿತ್ತು. ನನ್ನ ಮೈಯಲ್ಲಿ ಏನಿದೆಯೋ ನನಗೇ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ತಡೆದುಕೊಂಡೆ. ಹಲ್ಲನ್ನು ತುಟಿಯೊಳಗೆ ಮುಚ್ಚಿಟ್ಟು, ನಾಲಿಗೆಯ ತುದಿಯನ್ನಷ್ಟೇ ಚಾಚಿ, ನೀರಿನ ಮೇಲ್ಮೈಯನ್ನು ಮಾತ್ರ, ಅಂಗೈ ತಾಗದ ಹಾಗೆ, ಒಂದೊಂದೇ ಸಲ ನೆಕ್ಕಿದೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ.

'ಕುಡೀತು' ಎಂದಳು ಯಾರೋ ಹೆಂಗಸು, ದೂರದಿಂದ.

ಸುಗಲಾಬಾಯಿ ಮತ್ತೆ ಬೊಗಸೆ ತುಂಬಿದರು. ಕುಡಿದೆ. ಮತ್ತೆ ತುಂಬಿದರು. ಈಗ ಒಂದು ಹನಿಯೂ ಚೆಲ್ಲಲಿಲ್ಲ, ಕಣ್ಣಿಂದ ನೀರು ಇಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಸಾಹೇಬರ ಕೈಯಿಂದ ರಾಡ್ ಕೆಳಗೆ ಬಿತ್ತು. ಅವರು ಸಾಬೂನು, ಸಾಬೂನು ಎಂದು ಬಡಬಡಿಸುತ್ತ ಬಸ್ಸಿನೊಳಗೆ ಹೋಗಿ, ಯಾತಕ್ಕೆ ಬಂದೆನೆಂಬುದನ್ನೇ ಮರೆತು ಬರಿಗೈಯಲ್ಲಿ ಹೊರಗೆ ಬಂದರು. ಚರಗಿ ಖಾಲಿಯಾಗಿತ್ತು. ನಾನು ಅವರ ಒದ್ದೆ ಅಂಗೈಯನ್ನು ನೋಡುತ್ತ ಕೂತಿದ್ದೆ, ಇನ್ನೂ ಬೇಕೆಂದು ಹೇಳಲು ಬಾರದೆ.

ಸುಗಲಾಬಾಯಿ ನನ್ನ ಮೇಲಿನ ಕಣ್ಣು ಕೀಳದೆ ಖಾಲಿ ಚರಗಿಯನ್ನು ಹಿಂದಕ್ಕೆ ಚಾಚಿದರು.

'ದತ್ತು, ಅಳೂದ ಬಿಟ್ಟ ಇದನ್ನ ತುಂಬಕೊಂಡ ಬಾ. ಕೂಸಿಗೆ ಇನ್ನೂ ನೀರಡಿಕಿ ಹಿಂಗಿಲ್ಲ.'